ಕ್ಯಾಂಪರ್ ಹಿಂದೆ ಇನ್ನೊಂದು ಟ್ರೇಲರ್ ಕಟ್ಟುವ ಮುಂಚೆ

ನಾವಿರುವುದು ಅಮೆರಿಕದ ಮಿಷಿಗನ್‌ನಲ್ಲಿ. ಬೇಸಿಗೆ ಬಂತೆಂದರೆ ಮುಂದೆ ಪಿಕಪ್, ಅದರ ಹಿಂದೆ ಕ್ಯಾಂಪರ್ (ಒಳಗೇ ಇರಬಹುದಾದ, ಎಳೆದುಕೊಂಡು ಹೋಗುವ ಗಾಡಿಮನೆ), ಕ್ಯಾಂಪರ್ ಹಿಂದೆ ಮೀನು ಹಿಡಿಯುವ ಸಣ್ಣ ದೋಣಿ, ಮೂರನ್ನೂ ಸಾಲಾಗಿ ಕಟ್ಟಿಕೊಂಡು ಉತ್ತರದ ಕೆರೆಗಳ ಕಡೆ ಹೊರಡುತ್ತೇವೆ. ಪೆಟ್ರೋಲ್ ಬಂಕಿನಲ್ಲಿ ಯಾರಾದರೂ ಹತ್ತಿರ ಬಂದು "ಇದು ಹೇಗೆ ಕಟ್ಟಿದ್ದೀರಿ? ನಾನೂ ಕಟ್ಟಬಹುದಾ?" ಅಂತ ಕೇಳುತ್ತಾರೆ. ಅಲ್ಲಿ ನಿಂತು ಐದು ನಿಮಿಷದಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ ಇದು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಮೊದಲು ಕಾನೂನು. ಇಡೀ ಅಮೆರಿಕಕ್ಕೆ ಒಂದೇ ನಿಯಮ ಇಲ್ಲ. ಕೆಲವು ರಾಜ್ಯಗಳಲ್ಲಿ ಎರಡು ಟ್ರೇಲರ್ ಎಳೆಯಲು ಬಿಡುತ್ತಾರೆ, ಕೆಲವು ಕಡೆ ಬಿಡುವುದೇ ಇಲ್ಲ, ಬಿಡುವ ಕಡೆಯೂ ಒಟ್ಟು ಉದ್ದ ಬೇರೆ ಬೇರೆ. ನಮ್ಮ ಮಿಷಿಗನ್‌ನಲ್ಲಿ ಡ್ರೈವಿಂಗ್ ಲೈಸೆನ್ಸ್ ಮೇಲೆ 'ಆರ್' ಅನ್ನುವ ಒಂದು ಎಂಡೋರ್ಸ್‌ಮೆಂಟ್, ಅಂದರೆ ಹೆಚ್ಚುವರಿ ಅನುಮತಿ, ಬೇಕು. ಅದಕ್ಕೆ ಬೇರೆ ಪರೀಕ್ಷೆ ಬರೆಯಬೇಕು. ಒಟ್ಟು ಉದ್ದ 75 ಅಡಿ ಮೀರಬಾರದು. ಮಧ್ಯದ ಕ್ಯಾಂಪರ್ ಫಿಫ್ತ್ ವೀಲ್ ಆಗಿರಬೇಕು, ಅಂದರೆ ಪಿಕಪ್‌ನ ಹಿಂದಿನ ಬಂಪರ್ ಹತ್ತಿರದ ಬಾಲ್‌ಗೆ (ಟ್ರೇಲರ್ ಕಟ್ಟುವ ಕಬ್ಬಿಣದ ಗುಂಡಿಗೆ) ಅಲ್ಲ, ಹಿಂದಿನ ತೊಟ್ಟಿಯ ಒಳಗೆ ಚಕ್ರದ ಮೇಲೆ ಬಂದು ಕೂರುವ ಥರದ್ದು. ರಾಜ್ಯದ ಗಡಿ ದಾಟುವುದಿದ್ದರೆ ಆಚೆ ಕಡೆಯ ನಿಯಮವನ್ನು ಮನೆಯಲ್ಲೇ ಓದಿಕೊಂಡು ಹೊರಡಿ. ಗಡಿಯಲ್ಲಿ ನಿಂತು ದೋಣಿ ಬಿಚ್ಚಿ ಎಲ್ಲಿ ಇಡುತ್ತೀರಿ?

ಉದ್ದವನ್ನು ಕಾಗದದ ಮೇಲೆ ಕೂಡಿಸಬೇಡಿ, ಟೇಪ್ ಹಿಡಿದು ಅಳೆಯಿರಿ. ನಮ್ಮ ಪಿಕಪ್ 20 ಅಡಿ, ಕ್ಯಾಂಪರ್ 34, ದೋಣಿಯ ಟ್ರೇಲರ್ ಮೋಟರ್ ತುದಿಯವರೆಗೆ 20. ಕೂಡಿಸಿದರೆ 74 ಅಂತ ಬರುತ್ತದೆ, ಎದೆ ಧಸಕ್ ಅನ್ನುತ್ತದೆ. ಆದರೆ ಕ್ಯಾಂಪರ್‌ನ ಮೂತಿ ಪಿಕಪ್ ಮೇಲೆ ಹತ್ತಿ ಕೂರುತ್ತದಲ್ವಾ? ಹಾಗಾಗಿ ಪಿಕಪ್‌ನ ಮೂಗಿನಿಂದ ಮೋಟರ್ ತುದಿಯವರೆಗೆ ನಿಜವಾಗಿ ಅಳೆದರೆ 68 ಅಡಿ.

ಫಿಫ್ತ್ ವೀಲ್‌ಗೇ ಯಾಕೆ ಅಷ್ಟು ಒತ್ತು ಅಂತ ಕೇಳಬಹುದು. ಬಂಪರ್ ಹಿಂದಿನ ಬಾಲ್‌ಗೆ ಕಟ್ಟಿದ ಕ್ಯಾಂಪರ್‌ನಲ್ಲಿ ಎಳೆಯುವ ಜಾಗ ಪಿಕಪ್‌ನ ಹಿಂದಿನ ಚಕ್ರದಿಂದ ನಾಲ್ಕೈದು ಅಡಿ ಆಚೆ ಇರುತ್ತದೆ. ಕ್ಯಾಂಪರ್ ಅತ್ತಿತ್ತ ಆಡಿದರೆ ಪಿಕಪ್‌ನ ಬಾಲವನ್ನು ಹಿಡಿದು ಜಗ್ಗುತ್ತದೆ. ಫಿಫ್ತ್ ವೀಲ್‌ನಲ್ಲಿ ಪಿನ್, ಅಂದರೆ ಕ್ಯಾಂಪರ್ ಮೂತಿಯ ಕೆಳಗಿದ್ದು ಪಿಕಪ್‌ಗೆ ಸಿಕ್ಕಿಕೊಳ್ಳುವ ಗೂಟ, ಚಕ್ರದ ಮೇಲೇ ಕೂತಿರುವುದರಿಂದ ಆ ಜಗ್ಗಾಟ ತುಂಬಾ ಕಡಿಮೆ. ಇನ್ನು ಅದರ ಹಿಂದೆ ಮತ್ತೊಂದು ಟ್ರೇಲರ್ ಸೇರಿಸಿದರೆ ಮುಂದೆ ಒಂದು ಬೆರಳಿನಷ್ಟು ಅಲುಗಿದ್ದು ಹಿಂದೆ ಒಂದು ಗೇಣು ಆಗುತ್ತದೆ. ಕೆಲವು ರಾಜ್ಯಗಳಲ್ಲಿ ಬಾಲ್‌ಗೆ ಕಟ್ಟುವ ಕ್ಯಾಂಪರ್ ಹಿಂದೆಯೂ ಟ್ರೇಲರ್ ಎಳೆಯಲು ಅನುಮತಿ ಇದೆ. ಆದರೂ ನಾನು ಮಾಡುವುದಿಲ್ಲ, ನೀವೂ ಮಾಡಬೇಡಿ ಅಂತಲೇ ಹೇಳುತ್ತೇನೆ.

ಈಗ ಮುಖ್ಯವಾದ ವಿಷಯ, ಭಾರ. ಪಿಕಪ್ ಎಷ್ಟು ಎಳೆಯುತ್ತದೆ ಅಂತ ಎಲ್ಲರೂ ನೋಡುತ್ತಾರೆ. ಮಧ್ಯದಲ್ಲಿರುವ ಕ್ಯಾಂಪರ್‌ಗೆ ಏನಾಗುತ್ತದೆ ಅಂತ ನೋಡುವವರು ಕಡಿಮೆ. ಕ್ಯಾಂಪರ್ ಎಳೆಸಿಕೊಳ್ಳಲು ಮಾಡಿದ್ದು, ಎಳೆಯಲು ಮಾಡಿದ್ದಲ್ಲ. ಎತ್ತಿನ ಗಾಡಿಯಲ್ಲಿ ಹಿಂದುಗಡೆ ಮೂಟೆ ಜಾಸ್ತಿ ಆದರೆ ಏನಾಗುತ್ತದೆ? ಮೂಕಿ ಮೇಲೇಳುತ್ತದೆ, ನೊಗ ಎತ್ತಿನ ಹೆಗಲು ಬಿಟ್ಟು ಕತ್ತಿಗೆ ಒತ್ತುತ್ತದೆ. ಇಲ್ಲೂ ಅದೇ. ಕ್ಯಾಂಪರ್‌ನ ಹಿಂದಿನ ತುದಿಗೆ ದೋಣಿಯ ಮೂತಿಭಾರ ಬಿದ್ದರೆ, ಚಕ್ರದ ಆಚೆ ಮುಂದಿನ ತುದಿ ಅಷ್ಟು ಹಗುರಾಗುತ್ತದೆ. ಮುಂದೆ ಭಾರ ಕಡಿಮೆಯಾದ ಟ್ರೇಲರ್ ಓಲಾಡಲು ಶುರು ಮಾಡುತ್ತದೆ.

ಎಷ್ಟು ಹಗುರಾಗುತ್ತದೆ ಅಂತ ಲೆಕ್ಕ ಹಾಕುವುದು ಕಷ್ಟವಲ್ಲ. ನಮ್ಮದನ್ನೇ ತೋರಿಸುತ್ತೇನೆ. ದೋಣಿ, ಮೋಟರ್, ಟ್ರೇಲರ್ ಸೇರಿ 1,600 ಪೌಂಡ್. ಬಾಲ್ ಮೇಲೆ ಕೂರುವ ಮೂತಿಭಾರ 160 ಪೌಂಡ್. ಕ್ಯಾಂಪರ್‌ನ ಪಿನ್‌ನಿಂದ ಎರಡು ಆಕ್ಸಲ್‌ಗಳ ನಡುವಿನವರೆಗೆ 20 ಅಡಿ, ಅಲ್ಲಿಂದ ಹಿಂದಿನ ಬಾಲ್‌ವರೆಗೆ 12 ಅಡಿ. 160ನ್ನು 12ರಿಂದ ಗುಣಿಸಿ 20ರಿಂದ ಭಾಗಿಸಿ, 96 ಬರುತ್ತದೆ. ಅಂದರೆ ಪಿನ್ ಮೇಲಿನ ಭಾರ 96 ಪೌಂಡ್ ಕಡಿಮೆಯಾಯಿತು. ಆ 96 ಎಲ್ಲಿಗೂ ಹೋಗಲಿಲ್ಲ, ಕ್ಯಾಂಪರ್‌ನ ಆಕ್ಸಲ್ ಮೇಲೆ ಬಂದು ಕೂತಿತು. ದೋಣಿಯ 160 ಕೂಡ ಅಲ್ಲೇ. ಒಟ್ಟು 256 ಪೌಂಡ್ ಹೆಚ್ಚಿಗೆ. ನಮ್ಮ ಕ್ಯಾಂಪರ್ ತುಂಬಿದಾಗ 10,000 ಪೌಂಡ್, ಅದರಲ್ಲಿ ಪಿನ್ ಮೇಲೆ 2,000, ಆಕ್ಸಲ್‌ಗಳ ಮೇಲೆ 8,000. ದೋಣಿ ಕಟ್ಟಿದ ಮೇಲೆ ಪಿನ್ 1,904, ಆಕ್ಸಲ್ 8,256. ಆಕ್ಸಲ್‌ಗಳು ಒಂದೊಂದು 4,400ರವು, ಎರಡಕ್ಕೆ 8,800. ಇನ್ನೂ ಜಾಗ ಇದೆ, ಆದರೆ ಜಾಸ್ತಿ ಇಲ್ಲ. ಹಿಂದಿನ ಟ್ಯಾಂಕಿನಲ್ಲಿ ನೀರು ತುಂಬಿಸಿಕೊಂಡು ಹೊರಟರೆ ಆ ಜಾಗವೂ ಹೋಯಿತು.

ಫಿಫ್ತ್ ವೀಲ್‌ನಲ್ಲಿ ಕ್ಯಾಂಪರ್ ತೂಕದ ಶೇ. 15ರಿಂದ 25ರಷ್ಟು ಪಿನ್ ಮೇಲೆ ಇರಬೇಕು. ಬಾಲ್‌ಗೆ ಕಟ್ಟುವ ಟ್ರೇಲರ್‌ಗೆ ಶೇ. 10ರಿಂದ 15. ದೋಣಿಗೂ ಇದೇ ಅಳತೆ. ಮೂತಿಭಾರ ಜಾಸ್ತಿಯಾದರೆ ಕ್ಯಾಂಪರ್‌ಗೆ ಕಷ್ಟ ಅಂತ ಹೇಳಿ ದೋಣಿಯ ಸಾಮಾನನ್ನೆಲ್ಲ ಹಿಂದಕ್ಕೆ ಸರಿಸಬೇಡಿ. ಆಮೇಲೆ ದೋಣಿಯೇ ಓಲಾಡುತ್ತದೆ. ಒಟ್ಟು ಭಾರವನ್ನೇ ಇಳಿಸಬೇಕು, ಬೇರೆ ದಾರಿ ಇಲ್ಲ.

ಲೆಕ್ಕ ಹಾಕಿದ ಮೇಲೂ ತೂಕ ಮಾಡಿಸಿ. ಹೆದ್ದಾರಿಯ ದೊಡ್ಡ ಟ್ರಕ್ ಸ್ಟಾಪ್‌ಗಳಲ್ಲಿ ಕ್ಯಾಟ್ ಸ್ಕೇಲ್ ಅನ್ನುವ, ಗಾಡಿ ತೂಗುವ ವೇಬ್ರಿಡ್ಜ್ ಇರುತ್ತದೆ. ಆಕ್ಸಲ್ ಗುಂಪಿಗೆ ಒಂದರಂತೆ ತೂಕ ಬೇರೆ ಬೇರೆಯಾಗಿ ಬರೆದುಕೊಡುತ್ತಾರೆ. ನಾವು ಎರಡು ಸಲ ತೂಗಿಸುತ್ತೇವೆ, ದೋಣಿ ಇಲ್ಲದೆ ಒಮ್ಮೆ, ಕಟ್ಟಿಕೊಂಡು ಒಮ್ಮೆ. ಎರಡು ಚೀಟಿಗಳನ್ನೂ ಪಕ್ಕಪಕ್ಕ ಇಟ್ಟರೆ ಮೇಲೆ ಹೇಳಿದ ಮೂಕಿ ಏಳುವ ಕತೆ ಅಂಕಿಯಲ್ಲೇ ಕಾಣುತ್ತದೆ. ಪಿಕಪ್‌ನ ಒಟ್ಟು ಮಿತಿಯನ್ನೂ ಆಗಲೇ ನೋಡಿ. ಬಾಗಿಲ ಪಕ್ಕದ ಸ್ಟಿಕ್ಕರ್‌ನಲ್ಲಿ ಇರುವುದು ಪಿಕಪ್ ಒಂದರದ್ದು. ಮೂರೂ ಸೇರಿದ ಮಿತಿಗೆ ಕಂಪನಿ ಕೊಟ್ಟ ಪುಸ್ತಕ ತೆಗೆಯಬೇಕು.

ಇನ್ನು ಹಿಚ್, ಅಂದರೆ ಹಿಂದಿನ ಟ್ರೇಲರ್ ಕಟ್ಟುವ ಕೊಂಡಿ. ಇಲ್ಲಿ ನಮಗೊಂದು ಪಾಠವಾಗಿದೆ. ಮೊದಲ ವರ್ಷ ಒಂದು ಅಂಗಡಿಯಲ್ಲಿ ಕ್ಯಾಂಪರ್‌ನ ಹಿಂದಿನ ಚೌಕ ಬಂಪರ್‌ಗೇ ಹಿಚ್ ಕೂರಿಸಿ ಕೊಟ್ಟರು. "ಸಣ್ಣ ದೋಣಿ ತಾನೇ, ಏನೂ ಆಗಲ್ಲ" ಅಂದರು. ನಾವೂ ನಂಬಿದೆವು. ಎರಡನೇ ಪ್ರಯಾಣದಲ್ಲಿ ಊಟಕ್ಕೆ ನಿಲ್ಲಿಸಿದಾಗ ನಾನು ಸರಪಳಿ ನೋಡಲು ಬಗ್ಗಿದೆ. ಬಂಪರ್ ಫ್ರೇಮ್‌ಗೆ ಸೇರುವ ಕಡೆ ಬಣ್ಣದ ಮೇಲೆ ಕೂದಲೆಳೆಯಷ್ಟು ಕಂದು ಗೆರೆ. ಕೊಳೆ ಇರಬೇಕು ಅಂತ ಬೆರಳಲ್ಲಿ ಒರೆಸಿದೆ. ಬೆರಳಿಗೆ ತುಕ್ಕಿನ ಪುಡಿ ಹತ್ತಿತು, ಗೆರೆ ಹಾಗೇ ಇತ್ತು. ಉಗುರು ಇಟ್ಟರೆ ಉಗುರು ಸಿಕ್ಕಿಕೊಂಡಿತು. ವೆಲ್ಡಿಂಗ್ ಬಿರುಕು ಬಿಟ್ಟಿತ್ತು. ದೋಣಿಯನ್ನು ಅಲ್ಲೇ ಬಿಚ್ಚಿದೆವು. ನಮ್ಮ ಮನೆಯವರು ದೋಣಿ ಹತ್ತಿರ ಕಾಯುತ್ತಾ ಕೂತರು, ನಾನು ಕ್ಯಾಂಪರ್ ಬಿಟ್ಟು ಬಂದು ಆಮೇಲೆ ದೋಣಿಯನ್ನು ಪಿಕಪ್‌ಗೆ ಕಟ್ಟಿಕೊಂಡು ಹೋದೆ. ನಮ್ಮ ಹಿಂದೆ ಬರುವ ಕಾರಿನಲ್ಲೂ ಒಂದು ಸಂಸಾರ ಇರುತ್ತದೆ ಅನ್ನುವುದು ಆ ದಿನ ಮನಸ್ಸಿಗೆ ನಾಟಿದ್ದು ಇವತ್ತಿಗೂ ಹೋಗಿಲ್ಲ.

ಆ ಬಂಪರ್ ತೆಳು ತಗಡಿನ ಚೌಕ ಕೊಳವೆ, ಹೆಚ್ಚೆಂದರೆ ಸ್ಪೇರ್ ಟೈರ್ ಹೊರುತ್ತದೆ. ಹಿಚ್ ಕೂರಬೇಕಾದ್ದು ಕ್ಯಾಂಪರ್‌ನ ಉದ್ದಕ್ಕೂ ಓಡುವ ಎರಡು ಮುಖ್ಯ ಫ್ರೇಮ್ ತೊಲೆಗಳ ಮೇಲೆ. ಕ್ಯಾಂಪರ್ ತಯಾರಿಸಿದ ಕಂಪನಿಗೆ ಬರೆದು, ಈ ಮಾಡೆಲ್ ಹಿಂದೆ ಎಳೆಯಬಹುದೇ, ಎಷ್ಟು ಭಾರ, ವಾರಂಟಿ ಉಳಿಯುತ್ತದೆಯೇ ಅಂತ ಕೇಳಿ, ಉತ್ತರವನ್ನು ಬರಹದಲ್ಲೇ ತೆಗೆದುಕೊಳ್ಳಿ. ಬೇಡ ಅಂದರೆ ಅಲ್ಲಿಗೆ ಬಿಡಿ. ಬಾಲ್‌ನ ಎತ್ತರವನ್ನೂ ಸರಿಮಾಡಿಕೊಳ್ಳಿ, ದೋಣಿಯ ಟ್ರೇಲರ್ ಮಟ್ಟವಾಗಿ, ಇಲ್ಲವೇ ಮೂತಿ ಸ್ವಲ್ಪ ಕೆಳಗೆ ಇರುವ ಹಾಗೆ. ಸರಪಳಿ ಎರಡನ್ನೂ ಕಪ್ಲರ್ (ಬಾಲ್ ಮೇಲೆ ಕೂರುವ ಟ್ರೇಲರ್‌ನ ತುದಿ) ಕೆಳಗೆ ಅಡ್ಡಡ್ಡ ದಾಟಿಸಿ ಕೊಕ್ಕೆ ಹಾಕಬೇಕು. ಬಾಲ್‌ನಿಂದ ಕಳಚಿದರೆ ಮೂತಿ ರಸ್ತೆಗೆ ಬೀಳದೆ ಸರಪಳಿಯ ತೊಟ್ಟಿಲಲ್ಲಿ ಕೂರುತ್ತದೆ.

ಲೈಟಿನ ವೈರನ್ನು ಕ್ಯಾಂಪರ್‌ನ ಹಿಂದಿನ ದೀಪಗಳಿಂದ ತೆಗೆದು ನಾಲ್ಕು ಪಿನ್ನಿನ ಸಾಕೆಟ್ ಹಾಕಿಸಿದರೆ ಸಣ್ಣ ಟ್ರೇಲರ್‌ಗೆ ಸಾಕು. ಬಿಳಿ ಗ್ರೌಂಡ್ ವೈರ್ ಮಾತ್ರ ಗಟ್ಟಿಯಾಗಿರಲಿ. ಇಂಡಿಕೇಟರ್ ಹಾಕಿದಾಗ ಬ್ರೇಕ್ ಲೈಟ್ ಮಂಕಾಗಿ ಮಿಣುಕಿದರೆ ಹತ್ತರಲ್ಲಿ ಒಂಬತ್ತು ಸಲ ಗ್ರೌಂಡ್‌ದೇ ತಕರಾರು.

ಹಿಂದಿನ ಟ್ರೇಲರ್‌ಗೂ ಎಲೆಕ್ಟ್ರಿಕ್ ಬ್ರೇಕ್ ಇದ್ದರೆ ಕೆಲಸ ಬೇರೆ. ಒಂದೊಂದು ಚಕ್ರದ ಬ್ರೇಕ್ ಮ್ಯಾಗ್ನೆಟ್ ಸುಮಾರು 3 ಆಂಪ್ ಕರೆಂಟ್ ಎಳೆಯುತ್ತದೆ. ಕ್ಯಾಂಪರ್‌ನ ನಾಲ್ಕು ಚಕ್ರಕ್ಕೆ 12, ಇನ್ನೆರಡು ಸೇರಿದರೆ 18. ಪಿಕಪ್‌ನ ಬ್ರೇಕ್ ಕಂಟ್ರೋಲರ್ (ಡ್ರೈವರ್ ಹತ್ತಿರ ಇದ್ದು ಟ್ರೇಲರ್‌ನ ಬ್ರೇಕ್‌ಗೆ ಕರೆಂಟ್ ಕೊಡುವ ಪೆಟ್ಟಿಗೆ) ಎಷ್ಟು ಆಕ್ಸಲ್ ತಡೆಯುತ್ತದೆ ಅಂತ ನೋಡಿ. ವೈರ್ ತೆಳ್ಳಗಿದ್ದರೆ ಅಷ್ಟು ದೂರ ಹೋಗುವಷ್ಟರಲ್ಲಿ ವೋಲ್ಟೇಜ್ ಇಳಿದು, ಎಲ್ಲಕ್ಕಿಂತ ಹಿಂದಿನ ಬ್ರೇಕೇ ಎಲ್ಲಕ್ಕಿಂತ ಸೋಮಾರಿಯಾಗುತ್ತದೆ. ದೋಣಿಯ ಟ್ರೇಲರ್‌ಗೆ ಸರ್ಜ್ ಬ್ರೇಕ್ ಇದ್ದರೆ ಈ ರಗಳೆ ಇಲ್ಲ. ಮುಂದಿನ ಗಾಡಿ ನಿಧಾನವಾದಾಗ ಹಿಂದಿನದು ಮುಂದಕ್ಕೆ ಒತ್ತುತ್ತದಲ್ವಾ, ಆ ಒತ್ತಡದಿಂದಲೇ ಅದರ ಬ್ರೇಕ್ ಹಿಡಿಯುತ್ತದೆ. ಟ್ರೇಲರ್ ಕಳಚಿಕೊಂಡರೆ ತಾನಾಗಿ ಬ್ರೇಕ್ ಹಿಡಿಸುವ ಬ್ರೇಕ್‌ಅವೇ ತಂತಿ ಇದ್ದರೆ ಅದನ್ನು ಕ್ಯಾಂಪರ್‌ನ ಫ್ರೇಮ್‌ಗೆ ಕಟ್ಟಿ, ಸರಪಳಿಗಲ್ಲ.

ಟೈರ್‌ಗೆ ತಣ್ಣಗಿರುವಾಗ ಗಾಳಿ ನೋಡಿ. ಟ್ರೇಲರ್‌ಗೆಂದೇ ಬರುವ ಎಸ್‌ಟಿ (ಸ್ಪೆಷಲ್ ಟ್ರೇಲರ್) ಟೈರ್‌ಗಳಲ್ಲಿ ಹಲವಕ್ಕೆ ಗಂಟೆಗೆ 65 ಮೈಲಿಯೇ ಕೊನೆ. ನಾನು 60 ದಾಟುವುದಿಲ್ಲ. ಕನ್ನಡಿಯಲ್ಲಿ ದೋಣಿ ಕಾಣುವುದೇ ಇಲ್ಲವಾದ್ದರಿಂದ ಅದರ ಟೈರ್ ಒಡೆದರೂ ಮೈಲಿಗಟ್ಟಲೆ ಗೊತ್ತಾಗದೆ ಇರಬಹುದು. ಹಾಗಾಗಿ ಪ್ರೆಷರ್ ಸೆನ್ಸರ್ ಮತ್ತು ಹಿಂದಿನ ಕ್ಯಾಮೆರಾಗೆ ದುಡ್ಡು ಹಾಕಿ. ಮೊದಲ 50 ಮೈಲಿಗೆ ನಿಲ್ಲಿಸಿ ಚಕ್ರದ ನಟ್ ಬಿಗಿ ನೋಡಿ, ಚಕ್ರದ ನಡುವಿನ ಹಬ್‌ಗಳ ಬಿಸಿ ನೋಡಿ. ಒಂದು ಹಬ್ ಮಾತ್ರ ಉಳಿದವಕ್ಕಿಂತ ಜಾಸ್ತಿ ಬಿಸಿಯಿದ್ದರೆ ಬೇರಿಂಗ್ ಅಥವಾ ಬ್ರೇಕ್ ತೊಂದರೆ ಇದೆ ಅಂತ ಅರ್ಥ.

ಓಡಿಸುವಾಗ ಓಲಾಟ ಶುರುವಾದರೆ ಕಾಲು ತಾನಾಗಿ ಬ್ರೇಕ್ ಮೇಲೆ ಹೋಗುತ್ತದೆ. ಹೋಗಬಾರದು. ಆಕ್ಸಿಲರೇಟರ್ ಬಿಡಿ, ಸ್ಟೀರಿಂಗ್ ನೇರ ಹಿಡಿಯಿರಿ, ಕೈಯಲ್ಲಿ ಬ್ರೇಕ್ ಕಂಟ್ರೋಲರ್‌ನ ಗುಂಡಿಯನ್ನು ಮೆಲ್ಲಗೆ ಒತ್ತಿ. ಕ್ಯಾಂಪರ್ ಮಾತ್ರ ಬ್ರೇಕ್ ಹಿಡಿದು ಸಾಲು ಮತ್ತೆ ನೆಟ್ಟಗಾಗುತ್ತದೆ. ಆ ಗುಂಡಿ ಎಲ್ಲಿದೆ ಅಂತ ಕಣ್ಣು ಹುಡುಕಬಾರದು, ಕೈಗೆ ಗೊತ್ತಿರಬೇಕು. ಖಾಲಿ ರಸ್ತೆಯಲ್ಲಿ 25 ಮೈಲಿ ವೇಗದಲ್ಲಿ ನಾಲ್ಕೈದು ಸಲ ಒತ್ತಿ ರೂಢಿ ಮಾಡಿಕೊಳ್ಳಿ.

ಗಾಳಿಯ ಮಾತು ಬಂದರೆ ನಮಗೆ ಮ್ಯಾಕಿನಾ ಸೇತುವೆ ನೆನಪಾಗುತ್ತದೆ. 1957ರಲ್ಲಿ ಸಂಚಾರಕ್ಕೆ ತೆರೆದ, ಸುಮಾರು 5 ಮೈಲಿ ಉದ್ದದ ಸೇತುವೆ. ನೀರಿನಾಚೆ ಇರುವ ಮಿಷಿಗನ್‌ನ ಉತ್ತರ ಭಾಗ ಅಪ್ಪರ್ ಪೆನಿನ್ಸುಲಾಗೆ ಹೋಗಬೇಕಾದರೆ ನಾವು ಐ-75 ಹೆದ್ದಾರಿ ಹಿಡಿದು ಇದನ್ನೇ ದಾಟಬೇಕು. ಟೋಲ್ ಆಕ್ಸಲ್ ಲೆಕ್ಕದಲ್ಲಿ. ನಮ್ಮದು ಪಿಕಪ್ ಎರಡು, ಕ್ಯಾಂಪರ್ ಎರಡು, ದೋಣಿ ಒಂದು, ಒಟ್ಟು ಐದು. ಒಳಗಿನ ಲೇನ್‌ಗಳಲ್ಲಿ ಕಬ್ಬಿಣದ ಜಾಲರಿ, ಕೆಳಗೆ ನೀರು ಕಾಣುತ್ತದೆ, ಟೈರ್ ಅದರ ಮೇಲೆ ಸಣ್ಣಗೆ ನಡುಗುತ್ತದೆ. ನಾವು ಹೊರಗಿನ ಡಾಂಬರು ಲೇನ್ ಬಿಡುವುದಿಲ್ಲ. ಗಾಳಿ ಜೋರಿದ್ದರೆ ಎತ್ತರದ ಗಾಡಿಗಳನ್ನು ಸೇತುವೆಯವರೇ ಬೆಂಗಾವಲು ಗಾಡಿ ಕೊಟ್ಟು ನಿಧಾನವಾಗಿ ದಾಟಿಸುತ್ತಾರೆ, ತೀರಾ ಜಾಸ್ತಿಯಾದರೆ ಬಿಡುವುದೇ ಇಲ್ಲ. ಒಂದು ಸಲ ಈಚೆ ದಡದಲ್ಲಿ ನಿಂತು ಗಾಳಿ ಇಳಿಯಲಿ ಅಂತ ಕಾದೆವು. "ರೀ, ಅರ್ಜೆಂಟ್ ಏನಿದೆ, ಕಾಫಿ ಮಾಡ್ತೀನಿ" ಅಂತ ನನ್ನ ಹೆಂಡತಿ ಒಲೆ ಹಚ್ಚಿದಳು. ಮನೆಯೇ ಜೊತೆಗಿದೆ, ಕಾಯಲು ಏನು ಕಷ್ಟ?

ರಿವರ್ಸ್ ವಿಷಯ ಚಿಕ್ಕದು, ಹೋಗಲು ಆಗುವುದಿಲ್ಲ. ಎರಡು ಕೀಲು ಇರುವ ಸಾಲನ್ನು ಹಿಂದಕ್ಕೆ ತಳ್ಳಿದರೆ ಕಣ್ಣು ಮುಚ್ಚಿ ಬಿಡುವಷ್ಟರಲ್ಲಿ ದೋಣಿ ಅಡ್ಡ ತಿರುಗಿರುತ್ತದೆ. ಹಾಗಾಗಿ ಯಾವ ಜಾಗಕ್ಕೆ ನುಗ್ಗುವ ಮುಂಚೆಯೂ ಹೊರಗೆ ಬರುವ ದಾರಿ ಕಂಡಿರಬೇಕು. ಲಾರಿಗಳ ಬಂಕ್ ನೋಡಿ, ಉಪಗ್ರಹ ಚಿತ್ರದಲ್ಲಿ ಮೊದಲೇ ನೋಡಿ, ಕ್ಯಾಂಪ್ ಜಾಗ ಬುಕ್ ಮಾಡುವಾಗ ಒಂದು ಕಡೆ ನುಗ್ಗಿ ಇನ್ನೊಂದು ಕಡೆ ಹೊರಡುವ ಪುಲ್-ಥ್ರೂ ಸೈಟ್ ಕೇಳಿ. ಅದು 68 ಅಡಿ ಇದೆಯೇ ಅಂತಲೂ ಕೇಳಿ. ಸಿಕ್ಕಿಹಾಕಿಕೊಂಡರೆ ದೋಣಿ ಬಿಚ್ಚಿ ಕೈಯಿಂದ ಪಕ್ಕಕ್ಕೆ ತಳ್ಳುವುದೊಂದೇ ದಾರಿ. ಅದಕ್ಕೇ ಮೂತಿಗೆ ಚಕ್ರವಿರುವ ಜಾಕ್ ಹಾಕಿಸಿದ್ದೇವೆ. ತಿರುವಿನಲ್ಲೂ ನೆನಪಿರಲಿ, ಕ್ಯಾಂಪರ್‌ನ ಬಾಲ ಮೊದಲು ಹೊರಗಡೆಗೆ ಬೀಸುತ್ತದೆ, ಆ ಬಾಲದ ಜೊತೆ ದೋಣಿಯ ಮೂತಿಯೂ.

ಬಿಚ್ಚುವಾಗ ಹಿಂದಿನದು ಮೊದಲು, ಕಟ್ಟುವಾಗ ಮುಂದಿನದು ಮೊದಲು. ಬಿಚ್ಚುವ ಮುಂಚೆ ಚಕ್ರಕ್ಕೆ ಅಡ್ಡಗಟ್ಟೆ ಇಡಿ, ಪಿನ್ ತೆಗೆದ ಮೇಲಲ್ಲ. ಕೊನೆಗೆ ಲೈಟ್ ನೋಡಲು ಒಬ್ಬರು ಹಿಂದೆ ನಿಲ್ಲಬೇಕು. ನಮ್ಮಲ್ಲಿ ಅದು ಮಗನ ಕೆಲಸ. ಅವನ ಕೈಯಲ್ಲಿ ಒಂದು ವಾಕಿಟಾಕಿ, ನನ್ನ ಹತ್ತಿರ ಒಂದು. ಎಡ, ಬಲ, ಬ್ರೇಕ್ ಅಂತ ಒಂದೊಂದೇ ಒತ್ತುತ್ತೇನೆ. "ಅಪ್ಪಾ, ಬಲಗಡೆದು ಬಂತು... ಬ್ರೇಕ್ ಎರಡೂ ಬಂತು... ಹೊರಡೋಣ" ಅಂತ 68 ಅಡಿ ಆಚೆಯಿಂದ ಅವನ ದನಿ ಬಂದ ಮೇಲೆಯೇ ನಾನು ಗೇರ್ ಹಾಕುವುದು.