ಕಾಫಿ ಬೊಡ್ಡೆಗೆ ಗಾಜು ಕೂರಿಸಿದ್ದು

ಕೊಡಗಿನ ಸಿದ್ದಾಪುರದ ಹತ್ತಿರ ನಮ್ಮದೊಂದು ಸಣ್ಣ ತೋಟ. ಹಳೇ ರೊಬಸ್ಟಾ ಕಾಫಿ ಗಿಡ ಕೀಳಿಸಿದಾಗ ಬೊಡ್ಡೆಗಳೆಲ್ಲ ಸೌದೆಗೆ ಹೋಗುತ್ತಿದ್ದವು. ಅದರಲ್ಲಿ ಒಂದನ್ನು ನಾನು ಎತ್ತಿಟ್ಟುಕೊಂಡೆ. ಬೇರುಗಳು ಕಾಲಿನ ಹಾಗೆ ಅಗಲಕ್ಕೆ ಚಾಚಿದ್ದವು, ಮೇಲೆ ಮೂರು ಗಟ್ಟಿ ಕೊಂಬೆ. ಒಂದು ಗಾಜು ಕೂರಿಸಿದರೆ ಟೀಪಾಯಿ ಆಯ್ತಲ್ವಾ ಅನ್ನಿಸಿತು.

ಮೊದಲ ಸಲ ಕೆಟ್ಟಿತು. ಬೊಡ್ಡೆ ಕಿತ್ತು ಎರಡೇ ತಿಂಗಳಾಗಿತ್ತು. ಮುಟ್ಟಿದರೆ ಒಣಗಿದ ಹಾಗಿತ್ತು, ಒಳಗೆ ಹಸಿ. ಎರಡು ಟ್ಯೂಬ್ ಕಲಸಿ ಹಚ್ಚುವ ಗಟ್ಟಿ ಅಂಟಿನಿಂದ ಗಾಜು ಅಂಟಿಸಿದೆ. ಮೇ ತಿಂಗಳ ಒಂದು ಮಧ್ಯಾಹ್ನ ಟಪ್ ಅಂತ ಸದ್ದು. ಒಂದು ಕೊಂಬೆ ಅಂಟಿನಿಂದ ಕಿತ್ತುಕೊಂಡಿತ್ತು, ಗಾಜು ಎರಡೇ ಕೊಂಬೆ ಹಿಡಿದು ನಿಂತಿತ್ತು. ಪಕ್ಕದಲ್ಲೇ ಅಣ್ಣನ ಮಗಳು ಕೂತು ಚಿತ್ರಕ್ಕೆ ಬಣ್ಣ ಹಚ್ಚುತ್ತಿದ್ದಳು. ಏನೂ ಆಗಲಿಲ್ಲ. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರ ಒಣಗುವಾಗ ಕುಗ್ಗುತ್ತದೆ, ತಿರುಚಿಕೊಳ್ಳುತ್ತದೆ. ನಮ್ಮ ಮಳೆಗಾಲದ ತೇವಕ್ಕೆ ಮತ್ತೆ ಉಬ್ಬುತ್ತದೆ. ಗಾಜು ಮಾತ್ರ ಇದ್ದ ಹಾಗೇ ಇರುತ್ತದೆ. ಇವೆರಡನ್ನೂ ಕಲ್ಲಿನಂಥ ಅಂಟಿನಿಂದ ಬಿಗಿದರೆ ಎಲ್ಲೋ ಒಂದು ಕಡೆ ಬಿಡಲೇಬೇಕು.

ಬೊಡ್ಡೆಯನ್ನು ಸೌದೆ ಒಲೆಯ ಮೇಲಿನ ಅಟ್ಟಕ್ಕೆ ಹಾಕಿದೆ. ತಿಂಗಳಿಗೊಮ್ಮೆ ಕೆಳಗಿಳಿಸಿ ಕಾಫಿ ಚೀಲ ತೂಗುವ ತಕ್ಕಡಿಯಲ್ಲಿ ತೂಗಿದೆ. ತೂಕ ಇಳಿಯುವುದು ನಿಂತ ಮೇಲೆಯೇ ಕೈ ಹಚ್ಚಿದ್ದು. ಅಷ್ಟಕ್ಕೆ ಒಂದು ವರ್ಷ ಹಿಡಿಯಿತು.

ಕೊಂಬೆಗಳನ್ನು ಒಂದೇ ಮಟ್ಟಕ್ಕೆ ತರುವುದೇ ನಿಜವಾದ ಕೆಲಸ. ಸಮ ನೆಲದ ಮೇಲೆ ಬೊಡ್ಡೆ ಅಲುಗದಂತೆ ನಿಲ್ಲಿಸಿದೆ. 15 ಇಂಚು ಎತ್ತರದ ಮರದ ತುಂಡಿನ ಮೇಲೆ ಪೆನ್ಸಿಲ್ ಅಡ್ಡ ಇಟ್ಟು, ತುಂಡನ್ನು ಬೊಡ್ಡೆಯ ಸುತ್ತ ಜಾರಿಸುತ್ತಾ ಮೂರೂ ಕೊಂಬೆಗೆ ಗೆರೆ ಎಳೆದೆ. ಗೆರೆಯ ಮೇಲೆ ಗರಗಸ. ಆಮೇಲೆ ಪ್ಲೈವುಡ್ ಇಟ್ಟು ರಸಮಟ್ಟದಲ್ಲಿ ನೋಡಿ, ಎತ್ತರ ಕಂಡ ತುದಿಯನ್ನು ಉಪ್ಪುಕಾಗದದಲ್ಲಿ ಉಜ್ಜಿದೆ. ಅರ್ಧ ದಿನ ಹೋಯಿತು, ಹೋಗಲಿ. ಇಲ್ಲಿ ಅವಸರ ಮಾಡಲೇಬೇಡಿ.

ಗಾಜು 10 ಮಿ.ಮೀ. ಟಫನ್ಡ್ (ಕಾಯಿಸಿ ಗಟ್ಟಿ ಮಾಡಿದ್ದು), 30 ಇಂಚಿನ ದುಂಡು. ತೂಕ ಸುಮಾರು 11 ಕೆ.ಜಿ. ಟಫನ್ಡ್ ಆದ ಮೇಲೆ ಕತ್ತರಿಸಲು ಬರುವುದಿಲ್ಲ. ಹಾಗಾಗಿ ಮೊದಲೇ ರಟ್ಟಿನಲ್ಲಿ ಅಳತೆ ಕತ್ತರಿಸಿ, ಬೊಡ್ಡೆಯ ಮೇಲಿಟ್ಟು ನೋಡಿಯೇ ಅಂಗಡಿಗೆ ಕೊಟ್ಟೆ.

ಸುಮ್ನೆ ರಬ್ಬರ್ ಬಟನ್ ಮೇಲೆ ಇಟ್ಟರೆ ಸಾಲದಾ? ನಾಲ್ಕು ಕಾಲಿನ ಮೇಜಿಗೆ ಸಾಕು. ಮೂರು ಕೊಂಬೆ ಇದ್ದಾಗ, ಎರಡರ ನಡುವೆ ಹೊರಚಾಚಿದ ಅಂಚಿಗೆ ಯಾರಾದರೂ ಕೈಯೂರಿದರೆ ಗಾಜು ಆಚೆ ಕಡೆ ಎದ್ದು ಬರಬಹುದು. ಅದಕ್ಕೆ ಬಣ್ಣವಿಲ್ಲದ ಸಿಲಿಕಾನ್ ಅಂಟು ಬಳಸಿದೆ. ಗಟ್ಟಿಯಾದ ಮೇಲೂ ಅದು ರಬ್ಬರಿನಂತೆ ಬಳುಕುತ್ತದೆ, ಮರದ ಜೊತೆ ಅಷ್ಟಿಷ್ಟು ಹೋಗಿ ಬರುತ್ತದೆ.

ಬೊಡ್ಡೆಗೆಲ್ಲ ಎಣ್ಣೆ ಹಚ್ಚಿದರೂ ಮೂರು ತುದಿಗಳನ್ನು ಹಾಗೇ ಬಿಟ್ಟಿದ್ದೆ. ಎಣ್ಣೆ, ಮೇಣದ ಮೇಲೆ ಸಿಲಿಕಾನ್ ಹಿಡಿಯುವುದಿಲ್ಲ. ಗಾಜಿನ ಅಡಿಯನ್ನು ಸ್ಪಿರಿಟ್ ಹಾಕಿ ಒರೆಸಿದೆ. ಪ್ರತಿ ತುದಿಗೆ 2 ಮಿ.ಮೀ. ದಪ್ಪದ ಸಣ್ಣ ರಬ್ಬರ್ ಬಟನ್, ಅದರ ಸುತ್ತ ಸಿಲಿಕಾನ್. ಬಟನ್ ಇಲ್ಲದಿದ್ದರೆ ಗಾಜಿನ ಭಾರಕ್ಕೆ ಸಿಲಿಕಾನ್ ಎಲ್ಲಾ ಹೊರಗೆ ಹಿಂಡಿಹೋಗುತ್ತದೆ. ಅಣ್ಣ ಒಂದು ಕಡೆ, ನಾನೊಂದು ಕಡೆ ಹಿಡಿದು ನೇರ ಕೆಳಗಿಳಿಸಿದೆವು. ಸಿಲಿಕಾನಿನ ಹುಳಿ ವಾಸನೆ ಮನೆ ತುಂಬಿತು. ಅಮ್ಮ ಒಳಗಿನಿಂದಲೇ "ಕಾಚಂಪುಳಿ ಚೆಲ್ಲಿದ್ರಾ?" ಅಂತ ಕೇಳಿದರು. ಕಾಚಂಪುಳಿ ಅಂದರೆ ನಮ್ಮ ಕಡೆ ಅಡುಗೆಗೆ ಹಾಕುವ ಕಪ್ಪು ಹುಳಿರಸ. ಎರಡು ದಿನ ಯಾರನ್ನೂ ಮುಟ್ಟಲು ಬಿಡಲಿಲ್ಲ.

ಮುಂದೆ ಗಾಜು ತೆಗೆಯಬೇಕಾದರೆ ಚಾಕು ಹಾಕಿ ಮೀಟಬಾರದು. ಮೀನಿನ ಗಾಳದ ದಾರವನ್ನು ಸಂದಿಗೆ ತೂರಿಸಿ ಅತ್ತಿತ್ತ ಎಳೆದರೆ ಸಿಲಿಕಾನ್ ಕತ್ತರಿಸಿಕೊಳ್ಳುತ್ತದೆ.

ಎರಡು ಮಳೆಗಾಲ ಕಳೆದಿದೆ, ಗಾಜು ಕದಲಿಲ್ಲ. ದೊಡ್ಡಮ್ಮನ ಮನೆಗೂ ಒಂದು ಬೇಕಂತೆ. ಅದಕ್ಕಿಟ್ಟ ಬೊಡ್ಡೆ ಇನ್ನೂ ಅಟ್ಟದ ಮೇಲಿದೆ. ಹೋದ ತಿಂಗಳಿಗಿಂತ ಅರ್ಧ ಕೆ.ಜಿ. ಇಳಿದಿದೆ.