ತೋಟದ ಮಳೆ ಲೆಕ್ಕ: ಸೈಮನ್ಸ್ ಹಾಕಿಕೊಟ್ಟ ಕ್ರಮ

ಕೊಡಗಿನ ಕಾಫಿ ತೋಟಗಳಲ್ಲಿ ಮಳೆಯನ್ನು ಇಂದಿಗೂ ಇಂಚು ಮತ್ತು ಸೆಂಟ್‌ಗಳಲ್ಲೇ ಹೇಳುತ್ತಾರೆ. ಇಂಚಿನ ನೂರನೇ ಒಂದು ಭಾಗವೇ ಸೆಂಟ್. ಐದು ಇಂಚು ಬಾಯಿಯ ಮಳೆಮಾಪಕಕ್ಕೆ ಜಾರ್ಜ್ ಜೇಮ್ಸ್ ಸೈಮನ್ಸ್ ಅವರ ಹೆಸರಿದೆ. 1838ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಅವರು 1860ರ ಮಳೆಯ ಲೆಕ್ಕವನ್ನು ಬ್ರಿಟನ್ನಿನ 168 ಕಡೆಗಳಿಂದ ತರಿಸಿ ಪ್ರಕಟಿಸಿದರು. 1900ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅಂಥ ಕೇಂದ್ರಗಳು ಮೂರು ಸಾವಿರ ದಾಟಿದ್ದವು. ಅಳೆಯುತ್ತಿದ್ದವರು ಬಹುಪಾಲು ನಮ್ಮಂತೆ ಸಂಬಳವಿಲ್ಲದೆ, ಆಸಕ್ತಿಯಿಂದ ಅಳೆಯುವವರೇ. ಇಷ್ಟು ಜನರ ಲೆಕ್ಕವನ್ನು ಹೋಲಿಸಬೇಕಾದರೆ ಎಲ್ಲರ ಅಳತೆಯೂ ಒಂದೇ ಕ್ರಮದ್ದಾಗಿರಬೇಕೆಂದು ಸೈಮನ್ಸ್ ಕೊನೆಯವರೆಗೂ ದುಡಿದರು.

ಮಾಪಕವನ್ನು ಬಯಲಿನಲ್ಲಿ, ಕಾಫಿ ಕಣದ ಆಚೆ ಹುಲ್ಲಿರುವ ಕಡೆ, ಬಾಯಿ ನೆಲದಿಂದ ಒಂದು ಅಡಿ ಎತ್ತರಕ್ಕೆ ಬರುವಂತೆ ಅಲುಗಾಡದ ಹಾಗೆ ನಿಲ್ಲಿಸಿ, ಬಾಯಿ ಮಟ್ಟವಾಗಿದೆಯೇ ಎಂದು ರಸಮಟ್ಟ ಇಟ್ಟು ನೋಡಬೇಕು. ಹತ್ತಿರದ ಮರ ಅಥವಾ ಸೂರಿನ ಎತ್ತರದ ಎರಡರಷ್ಟಾದರೂ ದೂರ ಬಿಡಬೇಕು. ಸಿಲ್ವರ್ ಓಕ್ ಎಲೆಗಳು ಆಲಿಕೆಯ ತೂತನ್ನು ಮುಚ್ಚುವುದರಿಂದ ಅದನ್ನು ದಿನವೂ ನೋಡುವುದು ಒಳ್ಳೆಯದು.

ಅಳತೆಯ ಗಾಜು ಆ ಬಾಯಿಗೆಂದೇ ಗೆರೆ ಹಾಕಿದ್ದಾಗಿರಬೇಕು. ಹಿಂದೊಮ್ಮೆ ನಮ್ಮ ಗಾಜು ಒಡೆದಾಗ ನಾನು ಬೇರೆ ಅಳತೆಯ ಮಾಪಕದ ಗಾಜನ್ನು ತಂದು ಒಂದು ಮಳೆಗಾಲವಿಡೀ ಬಳಸಿದೆ. ಆ ವರ್ಷದ ಪುಟಗಳನ್ನು ನೋಡಿದಾಗ ಈಗಲೂ ದುಃಖವಾಗುತ್ತದೆ. ಮಿಲಿಲೀಟರ್ ಗೆರೆಗಳಿರುವ ಯಾವುದೇ ಪಾತ್ರೆ ಸಾಕಾಗಿತ್ತು: ಐದು ಇಂಚು ಬಾಯಿಯಲ್ಲಿ ಒಂದು ಇಂಚು ಮಳೆಗೆ ಸುಮಾರು 322 ಮಿಲಿಲೀಟರ್, ಒಂದು ಸೆಂಟ್‌ಗೆ 3.2 ಮಿಲಿಲೀಟರ್ ನೀರು ಸೇರುತ್ತದೆ. ಗಾಜನ್ನು ಸಮತಟ್ಟಾದ ಜಾಗದಲ್ಲಿಟ್ಟು, ಕಣ್ಣನ್ನು ನೀರಿನ ಮಟ್ಟಕ್ಕೆ ತಂದು, ನಡುವೆ ತಗ್ಗಿದ ಅಂಚಿನ ತಳಕ್ಕೆ ಸರಿಯಾದ ಗೆರೆಯನ್ನು ಓದಬೇಕು.

ಭಾರತದಲ್ಲಿ ದಿನದ ಮಳೆಯನ್ನು ಓದುವ ಸಮಯ ಬೆಳಿಗ್ಗೆ 8.30. ಹಿಂದಿನ 24 ಗಂಟೆಗಳ ಮಳೆಯನ್ನು ಅಳೆದ ದಿನಾಂಕದ ಎದುರೇ ಬರೆಯಬೇಕು. ಕಕ್ಕಡದ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕೊಡವ ತಿಂಗಳು) ಮಳೆಯಲ್ಲಿ ಒಳಗಿನ ಬಾಟಲಿ ತುಂಬಿ ಹರಿಯಬಹುದಾದ್ದರಿಂದ ಮಧ್ಯಾಹ್ನ, ಸಂಜೆಯೂ ಅಳೆದು, ಆಗಾಗ ಬರೆದಿಟ್ಟು, ಮರುದಿನ ಬೆಳಿಗ್ಗೆ ಒಟ್ಟು ಕೂಡಿಸಿಕೊಳ್ಳಬೇಕು. ಅಳೆಯಲು ಆಗದ ದಿನ ಸೊನ್ನೆ ಬರೆಯದೆ "ಓದಿಲ್ಲ" ಎಂದೇ ಬರೆಯಿರಿ. ಪಕ್ಕದ ತೋಟದ ಅಂಕಿಯನ್ನು ತಂದು ತುಂಬಬೇಡಿ. ಭಾಗಮಂಡಲದ ಭಾರೀ ಮಳೆಗೂ ಕುಶಾಲನಗರದ ಕಡಿಮೆ ಮಳೆಗೂ ಇರುವ ಅಂತರ ಎಲ್ಲರಿಗೂ ತಿಳಿದದ್ದೇ, ಆದರೆ ಒಂದೇ ಗುಡ್ಡದ ಎರಡು ಮಗ್ಗುಲಲ್ಲೂ ಮಳೆ ಬೇರೆ ಬೇರೆಯಾಗಿರುತ್ತದೆ.

ಕಾಫಿ ಹೂ ಅರಳಿಸುವ ಬೇಸಿಗೆ ಮಳೆಯ, ಅಂದರೆ ಹೂಮಳೆಯ, ಕಾಲದಲ್ಲಿ ಮಾತ್ರ 8.30ರವರೆಗೆ ಕಾಯದೆ, ಮಳೆ ನಿಂತ ಕೂಡಲೇ ಒಮ್ಮೆ ಓದಿ, ಆ ನೀರನ್ನು ಚೆಲ್ಲದೆ ಮತ್ತೆ ಮಾಪಕದಲ್ಲೇ ಸುರಿದಿಡಿ. ಬಿದ್ದದ್ದು ಅರ್ಧ ಇಂಚೇ, ಒಂದು ಇಂಚೇ ಎಂಬುದು ಆಗಲೇ ತಿಳಿದರೆ, ಕಡಿಮೆ ಬಿದ್ದಷ್ಟನ್ನು ಸ್ಪ್ರಿಂಕ್ಲರ್‌ನಿಂದ ತುಂಬಿಸಲು ತಡವಾಗುವುದಿಲ್ಲ.