ಒಂದೇ ಲ್ಯಾಪ್‌ಟಾಪ್, ಎರಡು ಆಪರೇಟಿಂಗ್ ಸಿಸ್ಟಂ: ಹಳೆಯ ವಿಂಡೋಸ್ ಪಕ್ಕದಲ್ಲೇ ಲಿನಕ್ಸ್ ಮಿಂಟ್ ಹಾಕುವುದು ಹೇಗೆ?

ನಮ್ಮ ಅತ್ತೆಯ ಲ್ಯಾಪ್‌ಟಾಪ್ ಇನ್ನೂ ಗಟ್ಟಿಯಾಗಿದೆ. ಆರನೇ ಜನರೇಷನ್‌ನ ಇಂಟೆಲ್ ಐ5, 8 ಜಿಬಿ ರ‍್ಯಾಮ್, ಆಮೇಲೆ ಹಾಕಿಸಿದ 256 ಜಿಬಿ ಎಸ್‌ಎಸ್‌ಡಿ. ಒಂದು ಕೀ ಕೂಡ ಕಿತ್ತುಹೋಗಿಲ್ಲ. ಆದರೆ ಅದರಲ್ಲಿರುವುದು ವಿಂಡೋಸ್ 10. ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಅದರ ಮಾಮೂಲಿ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಹಾಕೋಣ ಅಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಹೆಚ್ಚುಕಮ್ಮಿ ಎಂಟನೇ ಜನರೇಷನ್ ಅಥವಾ ಅದಕ್ಕಿಂತ ಹೊಸದೇ ಬೇಕು.

"ಹಾಗಾದರೆ ಹೊಸದು ತಗೊಳ್ಳಲೇಬೇಕೇನೋ?" ಅಂತ ಅತ್ತೆ ಕೇಳಿದರು. ಬೇಡ ಅತ್ತೆ, ಇದರಲ್ಲೇ ಇನ್ನೊಂದು ಸಿಸ್ಟಂ ಹಾಕೋಣ ಅಂದೆ.

ವಿಂಡೋಸನ್ನು ಪೂರ್ತಿ ತೆಗೆದುಹಾಕುವ ಹಾಗೂ ಇರಲಿಲ್ಲ. ಅತ್ತೆ ಕನ್ನಡ ಮೇಷ್ಟ್ರಾಗಿದ್ದವರು. ಅವರ ಪಾಠದ ಟಿಪ್ಪಣಿಗಳೆಲ್ಲ ಯುನಿಕೋಡ್ ಬರುವ ಮುಂಚಿನ ನುಡಿ ಅಕ್ಷರದಲ್ಲಿವೆ. ಮಾವನ ಅಂಗಡಿ ಲೆಕ್ಕ ಟ್ಯಾಲಿಯಲ್ಲಿದೆ. ಎರಡಕ್ಕೂ ವಿಂಡೋಸ್ ಬೇಕು. ಬ್ಯಾಂಕು, ಇಮೇಲ್, ಮೊಮ್ಮಗಳ ವಿಡಿಯೊ ಕಾಲ್ ಇವಕ್ಕೆ ಅಪ್‌ಡೇಟ್ ಬರುತ್ತಿರುವ ಸಿಸ್ಟಂ ಬೇಕು. ಹಳೆ ಕೆಲಸಕ್ಕೆ ವಿಂಡೋಸ್, ನೆಟ್ ಕೆಲಸಕ್ಕೆ ಲಿನಕ್ಸ್ ಮಿಂಟ್ ಎಂಬ ಉಚಿತ ಸಿಸ್ಟಂ ಅಂತ ಹಂಚಿದೆವು. ನಿಮ್ಮ ಮನೆಯಲ್ಲೂ ಇಂಥದ್ದೊಂದು ಲ್ಯಾಪ್‌ಟಾಪ್ ಇದ್ದರೆ, ಒಂದು ಭಾನುವಾರ ಬಿಡುವು ಮಾಡಿಕೊಳ್ಳಿ.

ಇದಕ್ಕೆ ಡ್ಯುಯಲ್ ಬೂಟ್ ಅಂತಾರೆ. ಡಿಸ್ಕಿನಲ್ಲಿ ಎರಡೂ ಸಿಸ್ಟಂ ಇರುತ್ತವೆ, ಒಂದು ಸಲಕ್ಕೆ ಒಂದೇ ನಡೆಯುತ್ತದೆ. ಲ್ಯಾಪ್‌ಟಾಪ್ ಆನ್ ಮಾಡಿದಾಗ ಯಾವುದು ಬೇಕು ಅಂತ ಅದೇ ಕೇಳುತ್ತದೆ. ವರ್ಚುವಲ್‌ಬಾಕ್ಸ್ ಥರದ ತಂತ್ರಾಂಶ ಹಾಕಿ ಎರಡನ್ನೂ ಒಟ್ಟಿಗೇ ನಡೆಸಬಹುದು. ಆದರೆ ಆಗ ಇರುವ ರ‍್ಯಾಮನ್ನು ಇಬ್ಬರೂ ಹಂಚಿಕೊಳ್ಳಬೇಕು, 8 ಜಿಬಿಯಲ್ಲಿ ಏದುಸಿರು ಬಿಡುತ್ತದೆ. ವಿಂಡೋಸಿನ ಎರಡು ಪ್ರತಿಗಳನ್ನೇ ಅಕ್ಕಪಕ್ಕ ಹಾಕಬಹುದಲ್ವಾ ಅಂದರೆ, ಹಾಕಬಹುದು. ಪ್ರತಿಯೊಂದಕ್ಕೂ ಬೇರೆ ಲೈಸೆನ್ಸ್ ಬೇಕಾಗುತ್ತದೆ. ಮಿಂಟ್‌ಗೆ ಆ ಚಿಂತೆ ಇಲ್ಲ, ಎಷ್ಟು ಕಡೆ ಬೇಕಾದರೂ ದುಡ್ಡಿಲ್ಲದೆ ಹಾಕಿಕೊಳ್ಳಬಹುದು.

ಮಿಂಟ್ ಆರಿಸಿದ್ದಕ್ಕೆ ಇನ್ನೊಂದು ಕಾರಣ ಅದರ ನೋಟ. ಕೆಳಗೆ ಎಡಮೂಲೆಯಲ್ಲಿ ಮೆನು, ಬಲಮೂಲೆಯಲ್ಲಿ ಗಡಿಯಾರ. ವಿಂಡೋಸ್ ರೂಢಿಯಾದವರಿಗೆ ಕೈ ತಡವರಿಸುವುದಿಲ್ಲ. ಉಬುಂಟು 24.04ರ ಮೇಲೆ ಕಟ್ಟಿದ ಮಿಂಟ್ 22ಕ್ಕೆ 2029ರವರೆಗೆ ಅಪ್‌ಡೇಟ್ ಬರುತ್ತದೆ. ನಿಮ್ಮದು 4 ಜಿಬಿ ರ‍್ಯಾಮ್ ಆದರೆ ಅದರ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ತಗೊಳ್ಳಿ. ಉಳಿದವರಿಗೆ ಅದರ ಸಿನಮನ್ ಆವೃತ್ತಿ ಸಾಕು.

ಮೊದಲು ಬ್ಯಾಕಪ್, ಆಮೇಲೆ ಮಿಕ್ಕಿದ್ದು

ಈ ಹಂತ ದಾಟಿ ಮುಂದೆ ಹೋಗಬೇಡಿ. ಕೆಲವು ವರ್ಷದ ಹಿಂದೆ ಗೆಳೆಯನೊಬ್ಬನ ಕಂಪ್ಯೂಟರಿಗೆ ಲಿನಕ್ಸ್ ಹಾಕಲು ಕೂತಿದ್ದೆ. ರಾತ್ರಿ ಹನ್ನೊಂದಾಗಿತ್ತು, ನಿದ್ದೆಗಣ್ಣು. ಡಿಸ್ಕ್ ಅಳಿಸುವ ಆಯ್ಕೆಯ ಮೇಲೆ ಗುರುತಿದ್ದದ್ದನ್ನು ನೋಡದೆ ಮುಂದಿನ ಬಟನ್ ಒತ್ತಿಬಿಟ್ಟೆ. ಅವನ ಮಗಳ ಮೊದಲ ವರ್ಷದ ಫೋಟೊಗಳು ಹೋದವು. ಆತ ಒಂದು ಮಾತೂ ಬೈಯಲಿಲ್ಲ. ನನಗೆ ಮಾತ್ರ ಅದು ಇವತ್ತಿಗೂ ಮರೆತಿಲ್ಲ.

ಆದ್ದರಿಂದ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತಂದು ಫೋಟೊ, ಕಾಗದಪತ್ರ, ಡೌನ್‌ಲೋಡ್ ಫೋಲ್ಡರ್ ಎಲ್ಲ ನಕಲು ಮಾಡಿ. ಡೆಸ್ಕ್‌ಟಾಪ್ ಮೇಲೆ ಸುಮ್ನೆ ಬಿದ್ದಿರುವ ಫೈಲ್‌ಗಳನ್ನು ಬಿಟ್ಟುಬಿಡಬೇಡಿ, ಮುಖ್ಯವಾದದ್ದು ಅಲ್ಲೇ ಇರುವುದು ಜಾಸ್ತಿ. ಟ್ಯಾಲಿ ಇದ್ದರೆ ಟ್ಯಾಲಿಯೊಳಗೇ ಇರುವ ಬ್ಯಾಕಪ್ ಆಯ್ಕೆಯಿಂದ ಲೆಕ್ಕ ತೆಗೆದಿಡಿ. ನಕಲಾದ ಮೇಲೆ ಆ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಹಾಕಿ ನಾಲ್ಕೈದು ಫೈಲ್ ತೆರೆದು ನೋಡಿ. ತೆರೆದರೆ ಅದು ಬ್ಯಾಕಪ್. ಆಮೇಲೆ ಡಿಸ್ಕನ್ನು ಲ್ಯಾಪ್‌ಟಾಪಿನಿಂದ ಬಿಚ್ಚಿ ಬೀರುವಿನಲ್ಲಿಡಿ, ಕೆಲಸ ಮುಗಿಯುವವರೆಗೆ ಮತ್ತೆ ಚುಚ್ಚಬೇಡಿ.

ವಿಂಡೋಸ್ ಕಡೆಯ ತಯಾರಿ

ಬಿಟ್‌ಲಾಕರ್ ಇದೆಯಾ ನೋಡಿ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಎನ್‌ಕ್ರಿಪ್ಷನ್ ತಾನಾಗಿಯೇ ಆನ್ ಆಗಿರುತ್ತದೆ, ಮನೆಯವರಿಗೆ ಗೊತ್ತೇ ಇರುವುದಿಲ್ಲ. ಬೂಟ್ ವ್ಯವಸ್ಥೆ ಬದಲಾದ ಕೂಡಲೇ ಅದು 48 ಅಂಕಿಗಳ ರಿಕವರಿ ಕೀ ಕೇಳಬಹುದು. ಸೆಟ್ಟಿಂಗ್ಸ್‌ನಲ್ಲಿ ಎನ್‌ಕ್ರಿಪ್ಷನ್ ಆನ್ ಇದ್ದರೆ ಆಫ್ ಮಾಡಿ, ಅದು ಪೂರ್ತಿ ಮುಗಿಯುವವರೆಗೆ ಕಾಯಿರಿ. ಆಫ್ ಮಾಡಲು ಇಷ್ಟವಿಲ್ಲದಿದ್ದರೆ ಮೈಕ್ರೋಸಾಫ್ಟ್ ಖಾತೆಯಿಂದ ಆ ಕೀ ತೆಗೆದು ಹಾಳೆಯ ಮೇಲೆ ಬರೆದಿಟ್ಟುಕೊಳ್ಳಿ.

ಎರಡನೆಯದು ಫಾಸ್ಟ್ ಸ್ಟಾರ್ಟಪ್. ಇದು ಆನ್ ಇದ್ದರೆ ಶಟ್‌ಡೌನ್ ಮಾಡಿದರೂ ವಿಂಡೋಸ್ ಪೂರ್ತಿ ಮಲಗುವುದಿಲ್ಲ, ಅರ್ಧ ನಿದ್ದೆಯಲ್ಲಿರುತ್ತದೆ. ಆಗ ಮಿಂಟ್ ಹೋಗಿ ಅದರ ಡ್ರೈವ್‌ನಲ್ಲಿ ಬರೆದರೆ ಫೈಲ್ ಕೆಡುವ ಅಪಾಯ ಇದೆ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ಗೆ ಹೋಗಿ, ಪವರ್ ಬಟನ್ ಏನು ಮಾಡಬೇಕು ಎಂಬಲ್ಲಿ ಈ ಟಿಕ್ ತೆಗೆಯಿರಿ.

ಇನ್ನು ಜಾಗ ಬಿಡಿಸುವುದು. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಕೆಳಗಡೆ ಡಿಸ್ಕು ಉದ್ದನೆಯ ಪಟ್ಟಿಯಾಗಿ ಕಾಣುತ್ತದೆ, ಪ್ರತಿ ಭಾಗದ ನೆತ್ತಿಯ ಮೇಲೆ ನೀಲಿ ಗೆರೆ. ಎಲ್ಲಕ್ಕಿಂತ ದೊಡ್ಡದು ಸಾಮಾನ್ಯವಾಗಿ ಸಿ ಡ್ರೈವ್. ಅದರ ಮೇಲೆ ರೈಟ್ ಕ್ಲಿಕ್ ಮಾಡಿ 'ಶ್ರಿಂಕ್ ವಾಲ್ಯೂಮ್' ಒತ್ತಿ. ಎಷ್ಟು ಕುಗ್ಗಿಸಬೇಕು ಅಂತ ಎಂಬಿ ಲೆಕ್ಕದಲ್ಲಿ ಕೇಳುತ್ತದೆ. 60 ಜಿಬಿಗೆ 61440 ಅಂತ ಹಾಕಿ. ಮಿಂಟ್‌ಗೆ 20 ಜಿಬಿ ಇದ್ದರೆ ನಡೆಯುತ್ತದೆ, ಮನೆ ಬಳಕೆಗೆ 60 ಆರಾಮ. ಕುಗ್ಗಿಸಿದ ಮೇಲೆ ಸಿ ಡ್ರೈವ್ ಪಕ್ಕದಲ್ಲಿ ಕಪ್ಪು ಗೆರೆಯ 'ಅನ್‌ಅಲೊಕೇಟೆಡ್' ಭಾಗ ಬರುತ್ತದೆ. ಅದನ್ನು ಹಾಗೇ ಬಿಡಿ. ಅಲ್ಲಿ ಹೊಸ ಡ್ರೈವ್ ಮಾಡಲು ಹೋಗಬೇಡಿ.

ಸಿ ಡ್ರೈವ್‌ನಲ್ಲಿ 100 ಜಿಬಿ ಖಾಲಿ ಇದ್ದರೂ ಬರೀ 5 ಜಿಬಿ ಕುಗ್ಗಿಸಬಹುದು ಅಂತ ತೋರಿಸಿತಾ? ನಮಗೂ ಹಾಗೇ ಆಯಿತು. ಅಲ್ಲಾಡಿಸಲಾಗದ ಕೆಲವು ಸಿಸ್ಟಂ ಫೈಲ್‌ಗಳು ನಡುವೆ ಕೂತಿರುತ್ತವೆ. ಪೇಜ್ ಫೈಲ್, ಹೈಬರ್ನೇಷನ್ ಮತ್ತು ಸಿಸ್ಟಂ ಪ್ರೊಟೆಕ್ಷನ್ ಮೂರನ್ನೂ ತಾತ್ಕಾಲಿಕವಾಗಿ ಆಫ್ ಮಾಡಿ, ರೀಸ್ಟಾರ್ಟ್ ಮಾಡಿ ಮತ್ತೆ ಪ್ರಯತ್ನಿಸಿ. ಕುಗ್ಗಿಸಿದ ಮೇಲೆ ಪೇಜ್ ಫೈಲ್ ಮತ್ತು ಸಿಸ್ಟಂ ಪ್ರೊಟೆಕ್ಷನ್ ಮರಳಿ ಆನ್ ಮಾಡಿ.

ಕೊನೆಗೆ 'ಸಿಸ್ಟಂ ಇನ್ಫರ್ಮೇಷನ್' ತೆರೆದು ಬಯಾಸ್ ಮೋಡ್ ಎದುರು ಯುಇಎಫ್‌ಐ ಅಂತಿದೆಯಾ, ಲೆಗಸಿ ಅಂತಿದೆಯಾ ನೋಡಿ ಬರೆದುಕೊಳ್ಳಿ. ಲ್ಯಾಪ್‌ಟಾಪ್ ಶುರುವಾಗುವ ಬಗೆ ಇದು, ಮುಂದೆ ಬೇಕು.

ಪೆನ್‌ಡ್ರೈವ್

8 ಜಿಬಿಯ ಒಂದು ಪೆನ್‌ಡ್ರೈವ್ ಸಾಕು. ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಲಿನಕ್ಸ್ ಮಿಂಟ್‌ನ ಅಧಿಕೃತ ತಾಣದಿಂದ ಸುಮಾರು 3 ಜಿಬಿಯ ಐಎಸ್‌ಒ ಫೈಲ್ ಇಳಿಸಿಕೊಳ್ಳಿ. ಇಳಿಸಿದ್ದು ಸರಿಯಾಗಿದೆಯಾ ಅಂತ ಪರೀಕ್ಷಿಸುವುದು ಒಳ್ಳೆಯದು. 2016ರ ಫೆಬ್ರುವರಿಯಲ್ಲಿ ಮಿಂಟ್‌ನ ತಾಣಕ್ಕೇ ಹ್ಯಾಕರ್‌ಗಳು ನುಗ್ಗಿ, ಕಳ್ಳಬಾಗಿಲು ಇಟ್ಟ ಐಎಸ್‌ಒ ಕಡೆಗೆ ಜನರನ್ನು ತಿರುಗಿಸಿದ್ದರು. 7-ಜಿಪ್ ಇದ್ದರೆ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ಎಸ್‌ಎಚ್‌ಎ-256 ಸಂಖ್ಯೆ ತೆಗೆದು, ತಾಣದಲ್ಲಿ ಕೊಟ್ಟಿರುವ ಸಂಖ್ಯೆಗೆ ಹೋಲಿಸಿ. ಎರಡೂ ಒಂದೇ ಇರಬೇಕು. ಆಮೇಲೆ ರೂಫಸ್ ಎಂಬ ಉಚಿತ ತಂತ್ರಾಂಶದಲ್ಲಿ ಪೆನ್‌ಡ್ರೈವ್ ಮತ್ತು ಐಎಸ್‌ಒ ಆರಿಸಿ ಸ್ಟಾರ್ಟ್ ಒತ್ತಿ. ಹತ್ತು ನಿಮಿಷದ ಕೆಲಸ.

ಈಗ ಪೆನ್‌ಡ್ರೈವ್ ಹಾಕಿಕೊಂಡೇ ರೀಸ್ಟಾರ್ಟ್ ಮಾಡಿ ಬೂಟ್ ಮೆನು ಕೀ ಒತ್ತುತ್ತಿರಿ. ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9. ಪಟ್ಟಿಯಲ್ಲಿ ಒಂದೇ ಪೆನ್‌ಡ್ರೈವ್ ಎರಡು ಸಲ ಕಾಣಬಹುದು, ಒಂದರ ಹಿಂದೆ ಯುಇಎಫ್‌ಐ ಅಂತಿರುತ್ತದೆ. ಆಗ ಬರೆದುಕೊಂಡಿರಲ್ಲ, ಅದೇ ಬಗೆಯದನ್ನೇ ಆರಿಸಿ. ಇಲ್ಲಿ ತಪ್ಪಿದರೆ ಎರಡು ಸಿಸ್ಟಂಗಳೂ ಒಂದೇ ಮೆನುವಿನಲ್ಲಿ ಬರುವುದಿಲ್ಲ.

ಮಿಂಟ್ ಪೆನ್‌ಡ್ರೈವ್‌ನಿಂದಲೇ ಶುರುವಾಗುತ್ತದೆ, ಡಿಸ್ಕಿಗೆ ಇನ್ನೂ ಏನೂ ಬರೆದಿರುವುದಿಲ್ಲ. ಈ ಅವಕಾಶ ಬಿಡಬೇಡಿ. ವೈಫೈ ಸಿಗುತ್ತದಾ, ಸೌಂಡ್ ಬರುತ್ತದಾ, ಟಚ್‌ಪ್ಯಾಡ್, ಕ್ಯಾಮೆರಾ, ಬ್ರೈಟ್‌ನೆಸ್ ಕೀ ಎಲ್ಲ ನೋಡಿ. ಅತ್ತೆಯನ್ನೇ ಕೂರಿಸಿದೆ. ಅವರು ಅರ್ಧ ಗಂಟೆ ಯೂಟ್ಯೂಬ್ ನೋಡಿ, "ಇದು ಬೇಗ ಬೇಗ ತೆರೆಯುತ್ತಲ್ಲೋ" ಅಂದರು. ಆಮೇಲೇ ಇನ್‌ಸ್ಟಾಲ್‌ಗೆ ಕೈ ಹಾಕಿದ್ದು.

ಇನ್‌ಸ್ಟಾಲ್

ಚಾರ್ಜರ್ ಚುಚ್ಚಿ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ಆದರೆ ಕರೆಂಟ್ ಹೋಗದ ಹೊತ್ತು ನೋಡಿಕೊಳ್ಳಿ. ಡೆಸ್ಕ್‌ಟಾಪ್ ಮೇಲಿರುವ 'ಇನ್‌ಸ್ಟಾಲ್ ಲಿನಕ್ಸ್ ಮಿಂಟ್' ಐಕಾನ್ ಒತ್ತಿ. ಭಾಷೆ, ಕೀಬೋರ್ಡ್ ಕೇಳುತ್ತದೆ. ಮಲ್ಟಿಮೀಡಿಯಾ ಕೋಡೆಕ್ಸ್‌ಗೆ ಟಿಕ್ ಹಾಕಿ, ಇಲ್ಲದಿದ್ದರೆ ಕೆಲವು ವಿಡಿಯೊ ಓಡುವುದಿಲ್ಲ. ಸೆಕ್ಯೂರ್ ಬೂಟ್ ಆನ್ ಇದ್ದರೆ ಇಲ್ಲಿ ಹೊಸದೊಂದು ಪಾಸ್‌ವರ್ಡ್ ಇಡಲು ಕೇಳಬಹುದು. ಮೊದಲ ರೀಸ್ಟಾರ್ಟ್‌ನಲ್ಲಿ ನೀಲಿ ಪರದೆ ಬಂದಾಗ 'ಎನ್‌ರೋಲ್ ಎಂಒಕೆ' ಆರಿಸಿ ಅದನ್ನೇ ಕೊಡಬೇಕು.

ನಂತರ ಬರುವುದು 'ಇನ್‌ಸ್ಟಾಲೇಷನ್ ಟೈಪ್' ಪುಟ. ನಾನು ಎಡವಿದ್ದು ಇಂಥದ್ದೇ ಪುಟದಲ್ಲಿ. 'ಎರೇಸ್ ಡಿಸ್ಕ್' ಅಂತಿರುವುದನ್ನು ಮುಟ್ಟಬೇಡಿ, ಅದು ವಿಂಡೋಸ್ ಸಮೇತ ಎಲ್ಲವನ್ನೂ ಒರೆಸಿಹಾಕುತ್ತದೆ. ಎಲ್ಲಕ್ಕಿಂತ ಕೆಳಗಿರುವ 'ಸಮ್‌ಥಿಂಗ್ ಎಲ್ಸ್' ಆರಿಸಿ. ಡಿಸ್ಕಿನ ಭಾಗಗಳ ಪಟ್ಟಿ ಬರುತ್ತದೆ. ನೀವು ಬಿಡಿಸಿಟ್ಟ ಜಾಗ 'ಫ್ರೀ ಸ್ಪೇಸ್' ಹೆಸರಿನಲ್ಲಿ ಇರುತ್ತದೆ, ಅಳತೆ ನೋಡಿದರೆ ಗುರುತು ಸಿಗುತ್ತದೆ. ಅದನ್ನು ಆರಿಸಿ + ಗುರುತು ಒತ್ತಿ. ಅಳತೆ ಇದ್ದ ಹಾಗೇ ಇರಲಿ, ಬಗೆ ಇಎಕ್ಸ್‌ಟಿ4, ಮೌಂಟ್ ಪಾಯಿಂಟ್ ಎದುರು / ಗುರುತು. ಸ್ವಾಪ್‌ಗೆ ಬೇರೆ ಭಾಗ ಬೇಡ, ಅದನ್ನು ಮಿಂಟೇ ನೋಡಿಕೊಳ್ಳುತ್ತದೆ.

'ಇನ್‌ಸ್ಟಾಲ್ ನೌ' ಒತ್ತಿದಾಗ ಏನೇನು ಬದಲಾಗುತ್ತದೆ ಅಂತ ಒಂದು ಸಣ್ಣ ಕಿಟಕಿ ತೋರಿಸುತ್ತದೆ. ಬಾಯಿಬಿಟ್ಟು ಓದಿ. ಹೊಸ ಇಎಕ್ಸ್‌ಟಿ4 ಭಾಗ ಒಂದನ್ನೇ ಫಾರ್ಮ್ಯಾಟ್ ಮಾಡುವುದಾಗಿ ಇದ್ದರೆ ಮುಂದುವರಿಯಿರಿ. ಎನ್‌ಟಿಎಫ್‌ಎಸ್ (ವಿಂಡೋಸಿನ ಭಾಗ) ಫಾರ್ಮ್ಯಾಟ್ ಅಂತೇನಾದರೂ ಕಂಡರೆ ಹಿಂದಕ್ಕೆ ಬನ್ನಿ. ಪಟ್ಟಿಯಲ್ಲಿ ಡಿಸ್ಕೇ ಕಾಣದಿದ್ದರೆ ಬಯಾಸ್‌ನಲ್ಲಿ (ಲ್ಯಾಪ್‌ಟಾಪ್ ಆನ್ ಆಗುವಾಗಲೇ ತೆರೆಯುವ ಸೆಟ್ಟಿಂಗ್ಸ್) ಇಂಟೆಲ್ ಆರ್‌ಎಸ್‌ಟಿ ಎಂಬ ಡಿಸ್ಕ್ ವ್ಯವಸ್ಥೆ ಆನ್ ಇರಬಹುದು. ಅದನ್ನು ಏಕಾಏಕಿ ಬದಲಿಸಿದರೆ ವಿಂಡೋಸ್ ಏಳದೆ ಹೋಗಬಹುದು, ಹಾಗಾಗಿ ಅಲ್ಲಿಗೇ ನಿಲ್ಲಿಸಿ ಬಲ್ಲವರನ್ನು ಕರೆಯಿರಿ.

ಮೊದಲ ದಿನ

ಇನ್‌ಸ್ಟಾಲ್ ಆಗಿ ರೀಸ್ಟಾರ್ಟ್ ಆದಾಗ ಕಪ್ಪು ಪರದೆಯ ಮೇಲೆ ಒಂದು ಮೆನು ಬರುತ್ತದೆ. ಅದರ ಹೆಸರು ಗ್ರಬ್. ಮೇಲೆ ಲಿನಕ್ಸ್ ಮಿಂಟ್, ಕೆಳಗೆ ವಿಂಡೋಸ್ ಬೂಟ್ ಮ್ಯಾನೇಜರ್. ಸುಮಾರು ಹತ್ತು ಸೆಕೆಂಡು ಸುಮ್ಮನಿದ್ದರೆ ಮಿಂಟ್ ತಾನೇ ತೆರೆಯುತ್ತದೆ. ಮೊದಲ ಸಲ ವಿಂಡೋಸ್ ಆರಿಸಿ ಒಳಗೆ ಹೋಗಿ, ಫೈಲ್‌ಗಳೆಲ್ಲ ಇವೆಯಾ ನೋಡಿ ಬನ್ನಿ. ಮನಸ್ಸಿಗೆ ಸಮಾಧಾನ.

ವಿಂಡೋಸ್‌ನಲ್ಲಿ ಬೆಳಿಗ್ಗೆ 10 ಗಂಟೆಗೆ 4:30 ಅಂತ ಕಂಡರೆ ಗಾಬರಿಯಾಗಬೇಡಿ. ಲಿನಕ್ಸ್ ಒಳಗಡಿಯಾರದಲ್ಲಿ ಜಾಗತಿಕ ಸಮಯ ಇಡುತ್ತದೆ, ವಿಂಡೋಸ್ ಅದನ್ನೇ ನಮ್ಮ ಸಮಯ ಅಂತ ಓದುತ್ತದೆ. ಅದಕ್ಕೇ ಐದೂವರೆ ಗಂಟೆ ಹಿಂದೆ. ಮಿಂಟ್‌ನ ಟರ್ಮಿನಲ್‌ನಲ್ಲಿ (ಆಜ್ಞೆ ಟೈಪ್ ಮಾಡುವ ಕಿಟಕಿ) 'timedatectl set-local-rtc 1' ಅಂತ ಟೈಪ್ ಮಾಡಿ ಎಂಟರ್ ಒತ್ತಿ. ಆಮೇಲೆ ಎರಡೂ ಒಂದೇ ಸಮಯ ತೋರಿಸುತ್ತವೆ.

ಕನ್ನಡ ಟೈಪಿಂಗ್ ಅತ್ತೆಯ ದೊಡ್ಡ ಚಿಂತೆಯಾಗಿತ್ತು. ಸಾಫ್ಟ್‌ವೇರ್ ಮ್ಯಾನೇಜರ್ ಅಥವಾ ಸಿನಾಪ್ಟಿಕ್‌ನಲ್ಲಿ 'ಐಬಸ್-ಎಂ17ಎನ್' (ibus-m17n) ಹುಡುಕಿ ಹಾಕಿ. 'ಇನ್‌ಪುಟ್ ಮೆಥಡ್'ನಲ್ಲಿ ಐಬಸ್ ಆರಿಸಿ, ಲಾಗ್ ಔಟ್ ಆಗಿ ಮತ್ತೆ ಒಳಗೆ ಬನ್ನಿ. ಐಬಸ್ ಪ್ರಿಫರೆನ್ಸಸ್‌ನಲ್ಲಿ ಕನ್ನಡದ ಕೆಳಗೆ 'ಕೆಜಿಪಿ' ಅಂತಿರುವುದನ್ನು ಸೇರಿಸಿ. ಅದು ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದ, ನುಡಿಯಲ್ಲಿರುವ ಕೀಲಿಮಣೆಯೇ. ಅತ್ತೆ ಬೆರಳಿಟ್ಟು ತಮ್ಮ ಹೆಸರು ಹೊಡೆದರು, ಒಂದೇ ಸಲಕ್ಕೆ ಬಂತು. ಹಳೆಯ ನುಡಿ ಫೈಲ್‌ಗಳು ಮಾತ್ರ ಇಲ್ಲಿ ಅರ್ಥವಾಗದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ವಿಂಡೋಸ್‌ನಲ್ಲಿ ನುಡಿಯ ಪರಿವರ್ತಕದಿಂದ ಯುನಿಕೋಡಿಗೆ ಬದಲಿಸಿದರೆ ಮಿಂಟ್‌ನ ಲಿಬ್ರೆಆಫೀಸಿನಲ್ಲೂ ತೆರೆಯುತ್ತವೆ. ಅತ್ತೆ ಈಗ ದಿನಕ್ಕೆ ಎರಡು ಮೂರು ಫೈಲ್ ಬದಲಿಸುತ್ತಿದ್ದಾರೆ.

ವಿಂಡೋಸ್‌ನಲ್ಲಿ ವೈಫೈ ತಾನಾಗಿ ಸೇರದ ಹಾಗೆ ಮಾಡಿಡಿ. ಟ್ಯಾಲಿಗೆ ನೆಟ್ ಬೇಕಾದಾಗ ಮಾತ್ರ ಆನ್ ಮಾಡಿ, ಮುಗಿದ ಮೇಲೆ ಆಫ್. ಬ್ಯಾಂಕ್ ಕೆಲಸ ಅಲ್ಲಿ ಬೇಡವೇ ಬೇಡ.

ಯಾವತ್ತಾದರೂ ವಿಂಡೋಸ್ ಅಪ್‌ಡೇಟ್ ಆದ ಮೇಲೆ ಗ್ರಬ್ ಮೆನು ಮಾಯವಾಗಿ ನೇರ ವಿಂಡೋಸ್ ತೆರೆದರೆ ಮಿಂಟ್ ಅಳಿಸಿಹೋಗಿದೆ ಅಂದುಕೊಳ್ಳಬೇಡಿ. ಬೂಟ್ ಸರದಿ ಬದಲಾಗಿರುತ್ತದೆ ಅಷ್ಟೆ. ಬಯಾಸ್‌ಗೆ ಹೋಗಿ ಬೂಟ್ ಪಟ್ಟಿ ನೋಡಿ. ಅಲ್ಲಿ ಮಿಂಟ್ ಹೆಸರು ಇರುವುದಿಲ್ಲ, 'ಉಬುಂಟು' ಅಂತಿರುತ್ತದೆ. ಅದೇ ಮಿಂಟ್. ಅದನ್ನು ಮೇಲಕ್ಕೆ ತನ್ನಿ. 2024ರ ಆಗಸ್ಟ್‌ನ ಒಂದು ವಿಂಡೋಸ್ ಅಪ್‌ಡೇಟ್‌ನಿಂದ ಹೀಗೆ ಎರಡು ಸಿಸ್ಟಂ ಇಟ್ಟುಕೊಂಡ ಕೆಲವರಿಗೆ ಲಿನಕ್ಸ್ ತೆರೆಯದೆ ಹೋಗಿತ್ತು. ಅದಕ್ಕೇ ಮಿಂಟ್ ಕಡೆಯ ಅಪ್‌ಡೇಟ್‌ಗಳನ್ನೂ ಬಾಕಿ ಉಳಿಸಬೇಡಿ. ಆ ಪೆನ್‌ಡ್ರೈವನ್ನು ಅಳಿಸದೆ ಒಂದು ಕಡೆ ಇಟ್ಟಿರಿ, ಏನಾದರೂ ಕೆಟ್ಟಾಗ ಅದರಿಂದ ಬೂಟ್ ಮಾಡಿ ಫೈಲ್ ತೆಗೆಯಬಹುದು.

ಮಿಂಟ್ ಬೇಡ ಅನ್ನಿಸಿದರೆ ತೆಗೆಯುವುದಕ್ಕೂ ಒಂದು ಕ್ರಮ ಇದೆ. ಯುಇಎಫ್‌ಐ ಇರುವವರು ಮೊದಲು ಬಯಾಸ್‌ನಲ್ಲಿ ವಿಂಡೋಸ್ ಬೂಟ್ ಮ್ಯಾನೇಜರನ್ನು ಮೇಲಕ್ಕೆ ತಂದು, ವಿಂಡೋಸ್ ನೇರ ತೆರೆಯುತ್ತದೆ ಅಂತ ಖಚಿತ ಮಾಡಿಕೊಳ್ಳಿ. ಲೆಗಸಿ ಆದರೆ ವಿಂಡೋಸಿನ ಇನ್‌ಸ್ಟಾಲ್ ಪೆನ್‌ಡ್ರೈವ್‌ನಿಂದ ಅದರ ಬೂಟ್ ಕೋಡ್ ಮೊದಲು ಸರಿ ಮಾಡಬೇಕು. ಆಮೇಲೆ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಮಿಂಟ್‌ನ 60 ಜಿಬಿ ಭಾಗ ಅಳಿಸಿ, ಸಿ ಡ್ರೈವ್ ಮೇಲೆ 'ಎಕ್ಸ್‌ಟೆಂಡ್ ವಾಲ್ಯೂಮ್' ಒತ್ತಿದರೆ ಬಿಟ್ಟುಕೊಟ್ಟಿದ್ದ ಜಾಗ ಮತ್ತೆ ವಿಂಡೋಸಿಗೇ ಸೇರುತ್ತದೆ.